ಇಪ್ಪತ್ತೈದು ಮೀಟರ್

ಕೋವಿಡ್ ಹಾವಳಿ ಇಳಿದ ಮರುವರ್ಷ ನಾನು ಕುಮಟಾ ತಾಲ್ಲೂಕಿನ ಒಂದು ಪಶು ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ದನ, ಎಮ್ಮೆ, ನಾಯಿಗಳ ಚಿಕಿತ್ಸೆ ದಿನದ ಕೆಲಸ. ಅರಿವಳಿಕೆ ಬಂದೂಕಿನ ತರಬೇತಿ ಪಡೆದಿದ್ದರಿಂದ, ಕಾಡುಪ್ರಾಣಿ ಊರಿಗೆ ಬಂದಾಗಲೆಲ್ಲ ಅರಣ್ಯ ಇಲಾಖೆಯವರು ನನ್ನನ್ನೇ ಕರೆಯುತ್ತಿದ್ದರು. ಈ ಬಂದೂಕಿನಲ್ಲಿ ಗುಂಡಿರುವುದಿಲ್ಲ. ಗ್ಯಾಸಿನ ಒತ್ತಡಕ್ಕೆ ಹಾರಿಹೋಗುವ ಸಿರಿಂಜ್ ಇರುತ್ತದೆ. ಅದನ್ನು ಡಾರ್ಟ್ ಎನ್ನುತ್ತಾರೆ.

ಬಂದೂಕಿನ ಜೊತೆ ಬಂದ ಪುಸ್ತಿಕೆಯಲ್ಲಿ ಅರವತ್ತು ಮೀಟರ್ ದೂರಕ್ಕೆ ಹೊಡೆಯಬಹುದು ಎಂದಿತ್ತು. ನಾನು ಆಸ್ಪತ್ರೆಯ ಹಿಂದಿನ ಬಯಲಿನಲ್ಲಿ ರಟ್ಟಿನ ಮೇಲೆ ಅಂಗೈಯಗಲದ ಗುರುತು ಬರೆದು ಅಭ್ಯಾಸ ಮಾಡಿ ನೋಡಿದ್ದೆ. ಇಪ್ಪತ್ತೈದು ಮೀಟರಿನಿಂದ ಹತ್ತಕ್ಕೆ ಹತ್ತೂ ಗುರುತಿನೊಳಗೆ ಬೀಳುತ್ತಿದ್ದವು. ನಲವತ್ತರಿಂದ ಆರು. ಸಮುದ್ರದ ಗಾಳಿ ಎದ್ದರೆ ನಾಲ್ಕೇ. ಡಾರ್ಟ್ ತೊಡೆಯ ಮಾಂಸಕ್ಕೆ ನಾಟಬೇಕು. ಹೊಟ್ಟೆಗೆ ಹೊಕ್ಕರೆ ಪ್ರಾಣಿ ಉಳಿಯುವ ಭರವಸೆಯಿಲ್ಲ. ಅದಕ್ಕೂ ಮೊದಲು ಒಮ್ಮೆ, ಸುತ್ತ ನಿಂತವರ ಒತ್ತಾಯಕ್ಕೆ ಮಣಿದು ನಲವತ್ತೈದು ಮೀಟರಿನಿಂದ ಹೊಡೆದು ಒಂದು ಜಿಂಕೆಯನ್ನು ಕೊಂದಿದ್ದೆ. ಇಪ್ಪತ್ತೈದರಾಚೆ ಬಂದೂಕಿನ ಕುದುರೆ ಎಳೆಯುವುದಿಲ್ಲ ಎಂದು ಆ ಬಯಲಿನಲ್ಲೇ ನಿಶ್ಚಯಿಸಿದ್ದೆ.

ಬೇಸಿಗೆಯ ಒಂದು ಬೆಳಿಗ್ಗೆ ವಲಯ ಅರಣ್ಯಾಧಿಕಾರಿ ಫೋನ್ ಮಾಡಿದರು. "ಮೇಡಂ, ಅಘನಾಶಿನಿ ಹತ್ರ ಒಂದು ಗಂಡು ಕಡವೆ ಬಂದದೆ. ಕುತ್ತಿಗೆಗೆ ಉರುಳಿನ ತಂತಿ ಬಿಗಿದದೆ. ಜನ ಸೇರಿದಾರೆ, ಬೇಗ ಬನ್ನಿ."

ಹೋಗಿ ನೋಡಿದರೆ ನದಿಯಂಚಿನ ಒಡ್ಡಿನ ಮೇಲೆ ಇನ್ನೂರಕ್ಕೂ ಹೆಚ್ಚು ಜನ. ಸಮುದ್ರದ ಇಳಿತಕ್ಕೆ ನದಿಯ ನೀರೂ ಇಳಿದಿದ್ದರಿಂದ ಒಡ್ಡಿನಾಚೆ ಕೆಸರು ದಿಬ್ಬ ತೆರೆದುಕೊಂಡಿತ್ತು. ಅದರ ಕೊನೆಯಲ್ಲಿ ಕಡವೆ ನಿಂತಿತ್ತು. ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಬೆನ್ನಿಗೆ ಆಳವಾದ ನೀರು, ಎದುರಿಗೆ ಜನ. ದೂರ ಅಳೆಯುವ ಯಂತ್ರ ಐವತ್ತೆಂಟು ಮೀಟರ್ ತೋರಿಸಿತು.

ಬೆಳಿಗ್ಗೆ ಹೆಂಗಸರು ಆ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸುತ್ತಿದ್ದಾಗ ಕಡವೆ ಓಡಿಬಂದು ಸಾವಿತ್ರಿ ಎಂಬವಳನ್ನು ಕೆಡವಿತ್ತು. ಬಲಗೈ ಮುರಿದು ಅವಳು ಆಸ್ಪತ್ರೆ ಸೇರಿದ್ದಳು. ಅವಳ ಗಂಡ ಗಣಪತಿ ನನ್ನ ಎದುರಿಗೇ ಬಂದು ನಿಂತ.

"ಕೈಯಲ್ಲಿ ಬಂದೂಕು ಅದೆಯಲ್ಲ, ಹೊಡೀರಿ. ಎಂತ ನೋಡ್ತಾ ನಿಂತ್ರಿ?"

"ದೂರ ಆಯ್ತು. ತಾಗಿದ್ರೂ ಮದ್ದು ಏರೋಕೆ ಎಂಟು ಹತ್ತು ನಿಮಿಷ ಬೇಕು. ಅಷ್ಟರಲ್ಲಿ ಅದು ನೀರಿಗೆ ಹಾರಿ ಮುಳುಗ್ತದೆ. ನೀವೆಲ್ಲ ರಸ್ತೆಗೆ ಹೋಗಿ. ಒಡ್ಡು ಖಾಲಿಯಾದ್ರೆ ಅದೇ ಈ ಕಡೆ ಬರ್ತದೆ."

"ಮುಳುಗಲಿ! ನನ್ನ ಹೆಂಡತಿ ಕೈಗಿಂತ ಅದು ಹೆಚ್ಚಾ?"

ಹಿಂದಿನಿಂದ ಕೂಗು ಎದ್ದಿತು. ಹೆಂಗಸಿಗೆ ಗುರಿ ಹಿಡಿಯಲು ಬರುವುದಿಲ್ಲ ಎಂದು ಒಬ್ಬ, ಸಂಬಳ ತಿಂದು ನಾಟಕ ಮಾಡುತ್ತಾಳೆ ಎಂದು ಇನ್ನೊಬ್ಬ. ಅರಣ್ಯಾಧಿಕಾರಿಯೂ ಕಿವಿಯ ಹತ್ತಿರ ಬಂದು, "ಒಂದು ಹೊಡೆದುಬಿಡಿ ಮೇಡಂ. ತಾಗ್ಲಿ, ಬಿಡ್ಲಿ, ಜನ ಸಮಾಧಾನ ಆಗ್ತಾರೆ" ಎಂದರು. ಅವರ ಮೇಲೆ ನನಗೆ ಬಂದಷ್ಟು ಸಿಟ್ಟು ಗಣಪತಿಯ ಮೇಲೆ ಬರಲಿಲ್ಲ.

ನಾನು ಬಂದೂಕಿನಿಂದ ಡಾರ್ಟ್ ತೆಗೆದು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದೆ. "ಜನ ಹಿಂದೆ ಹೋಗುವ ತನಕ ಇದನ್ನು ತೆಗೆಯೋದಿಲ್ಲ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಪೆಟ್ಟಿಗೆಯ ಮೇಲೆಯೇ ಕುಳಿತೆ. ಕೆಸರಿನ ಹೆಂಟೆಯೊಂದು ಬಂದು ಭುಜಕ್ಕೆ ಬಡಿಯಿತು. ಎರಡನೆಯದು ಕನ್ನಡಕಕ್ಕೆ. ಅದನ್ನು ಒರೆಸಿ ಮತ್ತೆ ಹಾಕಿಕೊಂಡೆ. ಹೀಗೆ ಒಂದು ಗಂಟೆ ಕಳೆಯಿತು. ಉಬ್ಬರದ ನೀರು ಏರತೊಡಗಿ ದಿಬ್ಬ ಚಿಕ್ಕದಾಗುತ್ತಿತ್ತು. ಕಡವೆ ಎರಡು ಸಲ ಒಡ್ಡಿನ ಕಡೆ ಹೆಜ್ಜೆಯಿಟ್ಟಿತು. ಎರಡು ಸಲವೂ ಜನರ ಕೂಗಿಗೆ ಹಿಂದೆ ಸರಿಯಿತು.

ಆಗ ಒಬ್ಬ ಮುದುಕಿ ಗುಂಪನ್ನು ಸೀಳಿಕೊಂಡು ಬಂದಳು. ಗಣಪತಿಯ ತಾಯಿ. ಬೆಳಿಗ್ಗೆ ಸೊಸೆಯ ಜೊತೆ ಬಳಚು ಆರಿಸಲು ಅವಳೂ ಹೋಗಿದ್ದಳು.

"ಗಣಪು, ಅದು ತಾನಾಗಿ ಬಂದು ಹಾಯ್ದದ್ದಲ್ಲ. ನಾಯಿ ಬಿಟ್ಟು ಓಡಿಸಿದ್ದು ನೀವು. ನಾನೇ ಕಂಡಿದ್ದೆ. ನೀರು ಏರ್ತಾ ಅದೆ. ನಡಿ, ಎಲ್ಲರನ್ನೂ ಕರ್ಕೊಂಡು ನಡಿ."

ಗಣಪತಿ ತಾಯಿಯನ್ನೂ ನನ್ನನ್ನೂ ಒಂದೇ ದ್ವೇಷದಿಂದ ನೋಡಿದ. ಆಮೇಲೆ ತಿರುಗಿ ನಡೆದ. ಅವನ ಹಿಂದೆ ಗೊಣಗುತ್ತ ಗುಂಪೂ ರಸ್ತೆಗೆ ಸರಿಯಿತು.

ಬಂದೂಕಿಗೆ ಮತ್ತೆ ಡಾರ್ಟ್ ತುಂಬಿಕೊಂಡೆ. ನಾನೂ ಅರಣ್ಯಾಧಿಕಾರಿಯೂ ಉಪ್ಪುನೀರಿನಂಚಿಗೆ ಬೆಳೆಯುವ ಒಂದು ಕಾಂಡ್ಲಾ ಗಿಡದ ಮರೆಯಲ್ಲಿ ಕುಳಿತೆವು. ಕಡವೆ ನಿಂತು ನಿಂತು ಮುಂದೆ ಬಂತು. ನಲವತ್ತು. ಮೂವತ್ತೊಂದು. ಅಲ್ಲಿ ಬಹಳ ಹೊತ್ತು ನಿಂತಿತು. ಅರಣ್ಯಾಧಿಕಾರಿ ನನ್ನ ಮುಖ ನೋಡಿದರು, ನಾನು ಬೇಡವೆಂದು ತಲೆಯಲ್ಲಾಡಿಸಿದೆ. ಅದು ಒಡ್ಡು ಹತ್ತಿ ಗದ್ದೆಯ ಕಡೆಗೆ ತಿರುಗಿದಾಗ ಯಂತ್ರದಲ್ಲಿ ಇಪ್ಪತ್ನಾಲ್ಕು. ಪೂರ್ತಿ ತೊಡೆ ಕಾಣುತ್ತಿತ್ತು. ಹೊಡೆದೆ. ಡಾರ್ಟ್ ತೊಡೆಯ ನಡುವಿಗೆ ನಾಟಿತು. ಕಡವೆ ಒಣಗಿದ ಗದ್ದೆಯಲ್ಲಿ ಸ್ವಲ್ಪ ದೂರ ಓಡಿ, ಒಂಬತ್ತನೆಯ ನಿಮಿಷಕ್ಕೆ ಮೊಣಕಾಲೂರಿ ಮಲಗಿತು.

ಕಣ್ಣಿಗೆ ಬಟ್ಟೆ ಕಟ್ಟಿ ತಂತಿ ಕತ್ತರಿಸಿದೆ. ಹಂದಿಗೆಂದು ಯಾರೋ ಒಡ್ಡಿದ್ದ ಉರುಳು. ಬೈಕಿನ ಕ್ಲಚ್ ಕೇಬಲ್. ಅಷ್ಟು ಹೊತ್ತಿಗೆ ಜನ ಮತ್ತೆ ಮುತ್ತಿದ್ದರು. ಕೇಬಲ್ ಎತ್ತಿ ಹಿಡಿದು, "ಇದು ಯಾರದ್ದು?" ಎಂದು ಕೇಳಿದೆ. ಬೆಳಿಗ್ಗೆಯಿಂದ ಬಾಯಿ ಮುಚ್ಚದವರೆಲ್ಲ ಒಬ್ಬೊಬ್ಬರಾಗಿ ಹಿಂದೆ ಸರಿದರು. ಗಾಯಕ್ಕೆ ಔಷಧಿ ಹಾಕಿ, ಪ್ರಾಣಿಯನ್ನು ವಾಹನಕ್ಕೇರಿಸಿ, ಸಂಜೆಯೊಳಗೆ ಘಟ್ಟದ ಕಾಡಿನಲ್ಲಿ ಎಚ್ಚರದ ಇಂಜೆಕ್ಷನ್ ಕೊಟ್ಟು ಬಿಟ್ಟೆವು. ಅದು ಎದ್ದು ನಡೆದುಹೋಯಿತು.

ಒಂದೇ ವಾರದಲ್ಲಿ ನನ್ನ ಮೇಲೆ ದೂರು ಹೋಯಿತು: ಬೇಕೆಂದೇ ತಡಮಾಡಿ ಜನರ ಜೀವಕ್ಕೆ ಅಪಾಯ ತಂದರು ಎಂದು. ಅದರಲ್ಲಿ ಗಣಪತಿಯ ಸಹಿಯಿತ್ತು. ಮೇಲಧಿಕಾರಿಗಳು ವಿವರಣೆ ಕೇಳಿದರು. ಐವತ್ತೆಂಟು, ಇಪ್ಪತ್ನಾಲ್ಕು ಎಂಬ ಎರಡು ಅಂಕಿಗಳನ್ನು ಬರೆದು, ನಡುವೆ ನಡೆದದ್ದನ್ನೆಲ್ಲ ತಿಳಿಸಿದೆ. ಯಾರೂ ಮೆಚ್ಚಲಿಲ್ಲ, ಶಿಕ್ಷೆಯನ್ನೂ ಕೊಡಲಿಲ್ಲ.

ಸಾವಿತ್ರಿಯನ್ನು ನೋಡಲು ಹೋದಾಗ ಅವಳು ಮುಖ ಗೋಡೆಗೆ ತಿರುಗಿಸಿದಳು. "ಮೂರು ತಿಂಗಳು ಕೆಸರಿಗೆ ಇಳಿಯೋ ಹಾಂಗಿಲ್ಲ ಅಂದಾರೆ. ನಿಮಗೆ ಅದರದ್ದೇ ಚಿಂತೆ" ಎಂದಳು. ಹೌದು, ಆ ದಿನ ನಾನು ಅವಳ ಬಗ್ಗೆ ಒಂದು ಮಾತೂ ವಿಚಾರಿಸಿರಲಿಲ್ಲ. ತಪ್ಪಾಯಿತು ಎಂದೆ. ಅವಳು ತಿರುಗಲಿಲ್ಲ.

ಬಂದೂಕು ಎಷ್ಟು ದೂರ ಹೊಡೆಯುತ್ತದೆ ಎಂಬುದನ್ನು ಮಾಡಿದವರು ಬರೆದಿರುತ್ತಾರೆ. ನಾನು ಎಷ್ಟು ದೂರ ಹೊಡೆಯಬಹುದು ಎಂಬುದನ್ನು ಮಾತ್ರ ನಾನೇ, ಯಾರೂ ಇಲ್ಲದ ಬಯಲಿನಲ್ಲಿ ಮೊದಲೇ ತೀರ್ಮಾನಿಸಿರಬೇಕು. ಜನರ ನಡುವೆ ನಿಂತು ಹೊಸದಾಗಿ ಲೆಕ್ಕ ಹಾಕಲು ಹೊರಟರೆ, ಕೂಗುವವರ ಬಾಯಿಗೆ ತಕ್ಕಂತೆ ಆ ಅಂಕಿ ಬೆಳೆಯುತ್ತಲೇ ಹೋಗುತ್ತದೆ.