ಬಾವಿಯ ಬಾರು, ಬಾಣಂತಿ ಖೋಲಿ

ಚಿಕ್ಕೇರೂರಿನ ನನ್ನ ತವರುಮನೆಯ ಹಿತ್ತಲಲ್ಲಿ ಬಾವಿ ತೋಡುವುದಕ್ಕೂ ನಾನು ಮೊದಲ ಹೆರಿಗೆಗೆ ಅಲ್ಲಿ ಬಂದು ಮಲಗುವುದಕ್ಕೂ ಸರಿಹೋಯಿತು. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ ಅದು. ಎರಡಾಳು ಆಳಕ್ಕೆ ಹೋಗುವಷ್ಟರಲ್ಲಿ ಕರಿಕಲ್ಲು ಹತ್ತಿತು. ಬಂಡೆಗೆ ತೂತು ಕೊರೆದು, ಮದ್ದು ತುಂಬಿ ಸಿಡಿಸುವುದಕ್ಕೆ ನಮ್ಮ ಕಡೆ ಬಾರು ಹಾರಿಸುವುದು ಎನ್ನುತ್ತಾರೆ. ಆ ಕೆಲಸಕ್ಕೆ ಅಪ್ಪ ಸವಣೂರಿನ ಕಡೆಯ ಒಬ್ಬ ಮುದುಕನನ್ನು ಕರೆಸಿದ. ಅವನಿಗೆ ಕಿವಿ ಮಂದ. ಎಲ್ಲರೂ ತನ್ನಷ್ಟೇ ಕಿವುಡರು ಎಂದುಕೊಂಡವನ ಹಾಗೆ ಕೂಗಿ ಮಾತಾಡುತ್ತಿದ್ದ.

ನನ್ನ ಬಾಣಂತಿ ಖೋಲಿ ಬಾವಿಯಿಂದ ನಲವತ್ತು ಹೆಜ್ಜೆ. ಮಣ್ಣಿನ ಗೋಡೆ, ಮೇಲೆ ಹಂಚು. ಅವ್ವ ಕಿಟಕಿಯ ಸಂದಿಗೆಲ್ಲ ಹಳೆಯ ಸೀರೆ ತುರುಕಿ, ಅಂಚಿಗೆ ಸಗಣಿ ಮೆತ್ತಿ, ಬಾಗಿಲಿಗೆ ಕೌದಿ ಇಳಿಬಿಟ್ಟಿದ್ದಳು. ನನ್ನ ತಲೆಗೆ ಬಟ್ಟೆ, ಕಿವಿಗೆ ಅರಳೆ, ಮಂಚದ ಕೆಳಗೆ ಕೆಂಡ. ಬದನೆಕಾಯಿಯ ಹಾಗೆ ಸುಟ್ಟುಹೋಗುತ್ತಿದ್ದೆ. ಸಿಟ್ಟು ನೆತ್ತಿಗೇರುತ್ತಿತ್ತು. ಆದರೆ ಅವ್ವನ ಅಕ್ಕ, ಹೆತ್ತ ಒಂಬತ್ತನೆಯ ದಿನ ಗಾಳಿಗೆ ಹೊರಬಂದು ಸನ್ನಿ ಹಿಡಿದು ಸತ್ತಳೆಂದು ಮನೆಯಲ್ಲಿ ಎಲ್ಲರೂ ನಂಬಿದ್ದರು. ಅದಕ್ಕೇ ಹಲ್ಲು ಕಚ್ಚಿಕೊಂಡಿದ್ದೆ.

ಮೊದಲ ಬಾರಿನ ದಿನ ಮಧ್ಯಾಹ್ನ ಮುದುಕ ಮುಂಬಾಗಿಲಿಗೆ ಬಂದು ಕೂಗಿದ.

"ಬಾರ್ ಹಾರಿಸ್ತೇವ್ರಿ! ಎಲ್ಲಾರೂ ಬಣವಿ ಹಿಂದ ನಡೀರಿ! ಒಳಗ ಯಾರರ ಅದಾರೇನ್ರಿ?"

"ಯಾರೂ ಇಲ್ಲ," ಎಂದು ಅವ್ವ ಕೈಯಾಡಿಸಿದಳು.

ಹೇಳಿ ಬಂದವಳೇ ಖೋಲಿಗೆ ನುಗ್ಗಿ ನನ್ನನ್ನೂ ಕೂಸನ್ನೂ ಅವುಚಿಕೊಂಡು ಕುಳಿತಳು. ಕೂಸು ಅಳುತ್ತಿತ್ತು, ಆದರೆ ಮುದುಕನಿಗೆ ಅದು ಕೇಳಿಸುವಂತಿರಲಿಲ್ಲ. ಅಪ್ಪ ಗಾಡಿದಾರಿಯಲ್ಲಿ ಕೆಂಪು ಬಟ್ಟೆ ಹಿಡಿದು ದನಕರು ತಡೆಯುತ್ತಿದ್ದ. ಎತ್ತುಗಳ ಬಗ್ಗೆ ಅಷ್ಟು ಕಾಳಜಿ ಇದ್ದವನು, ಬಾಣಂತಿಯ ವಿಷಯ ಹೆಂಗಸರದು ಎಂದು ಸುಮ್ಮನಿದ್ದುಬಿಟ್ಟ. ನೆಲ ನಡುಗಿತು. ಹಂಚು ಗಲಗಲ ಅಂದವು. ಗೋಡೆಯ ಮಣ್ಣು ಉದುರಿ ಕೂಸಿನ ಮುಖವೆಲ್ಲ ಮುಚ್ಚಿತು. ಅಳು ನಿಂತುಹೋಯಿತು. ಮೂಗಿನ ಮಣ್ಣು ಒರೆಸಿ, ಬೆನ್ನು ತಟ್ಟಿ, ಮತ್ತೆ ಅದು ಕಿರುಚುವತನಕ ನನಗೆ ಜೀವದಲ್ಲಿ ಜೀವವಿರಲಿಲ್ಲ. ನಾಳೆ ನಾನು ಈ ಖೋಲಿಯಲ್ಲಿ ಇರುವುದಿಲ್ಲ ಎಂದು ಆಗಲೇ ನಿಶ್ಚಯಿಸಿದೆ.

ಮರುದಿನ ಮುದುಕ ತನ್ನ ಪದ್ಧತಿಯಂತೆ ಕಲ್ಲು ಸಿಡಿದು ಹಾರದಿರಲೆಂದು ಬಂಡೆಯ ಮೇಲೆ ಜಾಲಿಕಂಟಿ ಹೊದಿಸಿ, ಅದರ ಮೇಲೆ ಮಣ್ಣಿನ ಚೀಲ ಹೇರಿ, ಮುಂಬಾಗಿಲಿಗೆ ಬಂದು ಕೂಗಿದ. ಅವ್ವ ಮತ್ತೆ "ಯಾರೂ ಇಲ್ಲ" ಅಂದಳು. ನಾನು ಕೂಸನ್ನು ಎದೆಗೆ ಒತ್ತಿಕೊಂಡು, ಕೌದಿ ಸರಿಸಿ, ಅವನ ಕಣ್ಣೆದುರಿಗೇ ಬಂದು ನಿಂತೆ. ಬಿಸಿಲಿಗೆ ಕಣ್ಣು ಕತ್ತಲಿಟ್ಟಿತು. ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಗಾಳಿ ಹೊಕ್ಕೈತಿ, ಒಳಗ ನಡಿ! ನಮ್ಮ ಅಕ್ಕನ್ನ ಕಳಕೊಂಡೇನಿ, ನಿನ್ನ ಕಳಕೊಳ್ಳಂಗಿಲ್ಲ!"

"ಗಾಳಿ ಹೊಕ್ರ ಹೊಗಲಿ ಬೇ. ಕಲ್ಲ ಹೊಕ್ರ ಏನ ಮಾಡ್ತಿ?"

ಮುದುಕನಿಗೆ ಮಾತು ಕೇಳಿಸಿತೋ ಇಲ್ಲವೋ, ಕೂಸು ಮಾತ್ರ ಕಾಣಿಸಿತು. ಅವನ ಮುಖ ಬಿಳಿಚಿತು. ಕಡ್ಡಿಪೆಟ್ಟಿಗೆಯನ್ನು ಕಿಸೆಗೆ ಹಾಕಿ ಹೊಸ್ತಿಲ ಹೊರಗೆ ಕುಳಿತುಬಿಟ್ಟ.

"ಕಂಟಿ ಹೊದಿಸಿದ್ರೂ ಒಂದೊಂದ ಕಲ್ಲ ಮಾತ ಕೇಳಂಗಿಲ್ಲರಿ ಯವ್ವಾ. ಈ ಕೂಸು ಬಣವಿ ಹಿಂದ ಹೋಗೂತನಾ ನಾ ಕಡ್ಡಿ ಕೊರ್ಯಾಂಗಿಲ್ಲ. ಸಂಜೀತನಾ ಬೇಕಾದ್ರೂ ಇಲ್ಲೇ ಕುಂದರ್ತೇನಿ."

ಅವ್ವ ಅತ್ತಳು, ಬೈದಳು, ಕಡೆಗೆ ಬಾಗಿಲಿನ ಕೌದಿಯನ್ನೇ ಕಿತ್ತು ನನ್ನ ತಲೆಯಿಂದ ಕಾಲಿನವರೆಗೆ ಸುತ್ತಿದಳು. ಓಣಿಯ ತುದಿಯ ಜೋಳದ ಕಣಿಕೆ ಬಣವೆಯ ಹಿಂದೆ ಹೋಗಿ ಮೂವರೂ ಕುಳಿತೆವು. ಅವ್ವ ಮುಖ ತಿರುಗಿಸಿಕೊಂಡಿದ್ದಳು, ಆದರೂ ನನ್ನ ಕಿವಿಯ ಅರಳೆ ಜಾರಿದ್ದನ್ನು ನೋಡಿ ಮತ್ತೆ ಒತ್ತಿದಳು. ಮುದುಕ ಬಂದು ನಮ್ಮ ತಲೆ ಎಣಿಸಿ ಹೋದ. ಸ್ವಲ್ಪ ಹೊತ್ತಿಗೆ ಬಾರು ಹಾರಿತು.

ನಾವು ತಿರುಗಿ ಬಂದಾಗ ಖೋಲಿಯಲ್ಲಿ ಬಿಸಿಲಿತ್ತು. ಹಂಚು ಒಡೆದುಕೊಂಡು ಬಂದ ಸೇರುಗಾತ್ರದ ಕಲ್ಲೊಂದು ಮಂಚದ ಮೇಲೆ ಬಿದ್ದಿತ್ತು. ಅವ್ವ ಕಲ್ಲನ್ನು ಎತ್ತಿ ಕೆಳಗಿಟ್ಟಳು. ಹಾಸಿಗೆಯಲ್ಲಿ ಆದ ತಗ್ಗಿನ ಮೇಲೆ ಅಂಗೈ ಇಟ್ಟಳು.

"ಇಲ್ಲೇ ಕೂಸಿನ ತಲಿ ಇರ್ತಿತ್ತು," ಅಂದಳು.

ಆಮೇಲೆ ಎದ್ದು ಕಿಟಕಿಯ ಸಂದಿಯ ಸೀರೆಗಳನ್ನು ಒಂದೊಂದಾಗಿ ಎಳೆದು ಹಾಕಿ, ಕದ ತೆರೆದು, ಹಿತ್ತಲಲ್ಲಿದ್ದ ಮುದುಕನಿಗೆ ಕೇಳಿಸುವಂತೆ ಗಂಟಲು ಹರಿಯುವ ಹಾಗೆ ಕೂಗಿದಳು:

"ಅಜ್ಜಾರ, ನಾಳೆ ಎಷ್ಟೊತ್ತಿಗೆ ಕಡ್ಡಿ ಕೊರೀತೀರಿ? ಒಳಗ ನಾವು ಮೂರ ಮಂದಿ ಅದೇವ್ರಿ!"