ಮೇಷ್ಟ್ರ ಕಾರಿನ ಹಿಂದಿನ ಗಾಜು

ಕಳೆದ ವಾರ ಶ್ರೀರಂಗಪಟ್ಟಣದ ಗ್ಯಾರೇಜೊಂದರಲ್ಲಿ ನಮ್ಮ ವ್ಯಾನಿಗೆ ಗಾಜು ಹಾಕಿಸುತ್ತಾ ಕೂತಿದ್ದೆ. ಹೊಸ ರಬ್ಬರಿನ ಮೇಲೆ ಸೋಪಿನ ನೀರು ಬಿದ್ದರೆ ಒಂದು ವಾಸನೆ ಏಳುತ್ತದಲ್ಲ, ಸ್ವಲ್ಪ ಕಹಿ, ಸ್ವಲ್ಪ ಬಟ್ಟೆ ಒಗೆಯುವ ಕಲ್ಲಿನದು... ಆ ವಾಸನೆಗೆ ಪಾಂಡವಪುರದ ನಮ್ಮ ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ನೆನಪಾದರು.

ನಾನು ಮದುವೆಯಾಗಿ ಆ ಬೀದಿಗೆ ಬಂದಾಗ ಅವರು ಆಗಲೇ ನಿವೃತ್ತರು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎಡಗಾಲು ಸೋತಿತ್ತು. ಮದುವೆಯಾಗದೆ ತಮ್ಮನ ಸಂಸಾರದ ಜೊತೆ ಇದ್ದರು. ಬಸ್ಸು ಹತ್ತುವಾಗ ಯಾರಾದರೂ ಕಂಕುಳಿಗೆ ಕೈ ಹಾಕಿ ಎತ್ತಿದರೆ ಅವರ ಮುಖ ಬಿಗಿಯುತ್ತಿತ್ತು. ಅದಕ್ಕೇ ಇರಬೇಕು, ಹಳೇ ಕಾರೊಂದರ ತಳ, ಎಂಜಿನ್ನು ಕೊಂಡು, ಅದರ ಮೇಲೆ ಕೂರಿಸುವ ಫೈಬರ್ ಬಾಡಿಯನ್ನು ಬಿಡಿಬಿಡಿಯಾಗಿ ಲಾರಿಯಲ್ಲಿ ತರಿಸಿದರು. ಮನೆ ಪಕ್ಕದ ಶೀಟಿನ ಕೊಟ್ಟಿಗೆಯಲ್ಲಿ ತಾವೇ ಜೋಡಿಸತೊಡಗಿದರು. ಎಡಗಾಲಲ್ಲಿ ಒತ್ತಬೇಕಾದ ಕ್ಲಚ್ಚನ್ನು ಕೈಯಲ್ಲೇ ಒತ್ತುವಂತೆ ವೆಲ್ಡಿಂಗ್ ಮಾಡಿಸಿದರು. ಹಿಂದಿನ ಗಾಜು ಮಾತ್ರ ಬಂದಿರಲಿಲ್ಲ. ಬಾಡಿ ಮಾಡಿದವರು ಅಷ್ಟರಲ್ಲಿ ಅಂಗಡಿಯನ್ನೇ ಮುಚ್ಚಿದ್ದರು.

ತಮ್ಮನಿಗೆ ಇದೆಲ್ಲ ಹುಚ್ಚಾಟ. "ತಗಡು ಒಡ್ಸಿ ಮುಚ್ಬುಡಣ್ಣ. ನೀನೇನು ಡೆಲ್ಲಿಗೋದೀಯಾ?" ಅಂದ.

ಮೇಷ್ಟ್ರು ತಲೆ ಎತ್ತಲಿಲ್ಲ. "ಉಟ್ಟಿದಾಗ್ನಿಂದ ಎಲ್ರೂ ನನ್ನ ದಾಟ್ಕಂಡೇ ಓಗವ್ರೆ. ಇಂದ್ಗಡೆ ಬರೋರ ಮಕ ಎಂಗಿರ್ತದೆ ಅಂತ ಒಂದ್ಸಲ ನೋಡ್ಬೇಕು ಕಣ್ಲಾ. ಗಾಜು ಆಕೇ ಆಕ್ತೀನಿ."

ರಟ್ಟಿನಲ್ಲಿ ಅಳತೆ ಕತ್ತರಿಸಿ ಮೈಸೂರಿಗೆ ಕಳಿಸಿ ಗಾಜು ಮಾಡಿಸಿದರು. ಗಾಜು ಚಪ್ಪಟೆ, ಬಾಡಿಯ ಅಂಚು ಬಾಗಿತ್ತು. ಒಂದು ಮೂಲೆ ಕೂರಿಸಿದರೆ ಇನ್ನೊಂದು ಎದ್ದು ನಿಲ್ಲುತ್ತಿತ್ತು. ಒತ್ತಿದರು... ಉದ್ದಕ್ಕೂ ಸೀಳು ಬಿತ್ತು. ಬಾಗಿಲಲ್ಲಿ ನಿಂತಿದ್ದ ತಮ್ಮ ನಕ್ಕು ಒಳಗೆ ಹೋದ. ಮೇಷ್ಟ್ರು ಊರುಗೋಲು ಹುಡುಕಿಕೊಂಡು ಎದ್ದರು.

ಮಾರನೇ ದಿನ ಗರಗಸದ ಸದ್ದು ಕೇಳಿ ಹೋಗಿ ನೋಡಿದರೆ, ಕಾರಿನ ಬೆನ್ನನ್ನೇ ಕೊಯ್ಯುತ್ತಿದ್ದರು. ನನಗೆ ಗಾಬರಿಯಾಯಿತು. "ಗಾಜು ಬಗ್ಗಕಿಲ್ಲ ಅಂದ್ರೆ ಕಾರೇ ಬಗ್ಲಿ ಬುಡವ್ವ," ಅಂದರು. ಬಾಗಿದ ಅಂಚನ್ನು ತೆಗೆದು, ಫೈಬರ್ ಅಂಟಿಸಿ, ಉಜ್ಜಿ, ಗಾಜು ಒಪ್ಪುವ ಹಾಗೆ ಸಪಾಟು ಮಾಡಿದರು. ಮತ್ತೊಂದು ಗಾಜು ಬಂತು.

ಕೂರಿಸುವ ದಿನ ನನ್ನನ್ನೇ ಕರೆದರು. ನಾನು ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದವಳು, ಬೆರಳು ಹಗುರ ಅಂತ. ಗಾಜಿನ ಸುತ್ತ ರಬ್ಬರು, ರಬ್ಬರಿನ ಸಂದಿಯಲ್ಲಿ ಹುರಿ, ಮೇಲೆಲ್ಲ ಸೋಪಿನ ನೀರು. ಅವರು ಹೊರಗಿನಿಂದ ಎರಡೂ ಅಂಗೈಯಲ್ಲಿ ಒತ್ತುತ್ತಿದ್ದರು, ನಾನು ಒಳಗೆ ಕೂತು ಹುರಿ ಎಳೆಯಬೇಕು. "ಲಾಡಿ ಎಳದಂಗೆ ಎಳಿ ಮಗಾ. ಅರ್ಜೆಂಟ್ ಬ್ಯಾಡ." ಹುರಿ ಬಂದ ಹಾಗೆ ರಬ್ಬರಿನ ತುಟಿ ಅಂಚನ್ನು ದಾಟಿ ಒಳಗೆ ಬೀಳುತ್ತಿತ್ತು. ಕೊನೇ ಮೂಲೆಯೂ ಕೂತಾಗ ಗಾಜಿನ ಆಚೆ ಅವರ ಮುಖ, ಬೆವರು, ಸೋಪಿನ ನೊರೆ... ಅಳುತ್ತಿದ್ದರೋ ಏನೋ, ಹೇಳಲಾರೆ.

ಕಾಗದಪತ್ರ ಆಗುವವರೆಗೆ ದೊಡ್ಡ ರಸ್ತೆಗೆ ಇಳಿಸುವಂತಿರಲಿಲ್ಲ. ನಾಲೆ ಏರಿಯ ಮೇಲೆ ಹೊರಟರು, ಪಕ್ಕದಲ್ಲಿ ನಾನು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದೆ ಬೈಕಿನ ಹಾರನ್ನು. ಗದ್ದೆಗೆ ಹೊರಟ ತಮ್ಮ. ಮೇಷ್ಟ್ರು ಕನ್ನಡಿ ನೋಡಿದರು. ಗಾಜಿನೊಳಗಿಂದ ತಮ್ಮನ ಸಿಡುಕು ಮುಖ ನಿಚ್ಚಳವಾಗಿ ಕಾಣುತ್ತಿತ್ತು.

"ಜಾಗ ಬುಡಿ ಮೇಷ್ಟ್ರೇ," ಅಂದೆ.

"ಯಾಕ್ ಬುಡ್ಬೇಕು? ಬರ್ಲಿ ನಿದಾನುಕ್ಕೆ."

ಸೇತುವೆ ಬರುವವರೆಗೂ ಬಿಡಲಿಲ್ಲ.

ಕಾಗದಪತ್ರಕ್ಕೆ ಓಡಾಡುತ್ತಿದ್ದಾಗಲೇ ಒಂದು ಬೆಳಿಗ್ಗೆ ಎದೆನೋವು ಅಂದರು. ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಹೋಗಿಬಿಟ್ಟರು. ತಿಥಿ ಮುಗಿದ ಕೂಡಲೇ ತಮ್ಮ ಗುಜರಿಯವರನ್ನು ಕರೆಸಿದ. ಬೇಡವೆಂದು ಗೋಗರೆದೆ, ಕೇಳಲಿಲ್ಲ. ಹಗ್ಗ ತೂರಿಸಲು ಆಳೊಬ್ಬ ಹಿಂದಿನ ಗಾಜಿಗೆ ಹಾರೆ ಎತ್ತಿದ. ನಾನು ಗಾಜಿಗೆ ಬೆನ್ನು ಕೊಟ್ಟು ನಿಂತೆ. ಅತ್ತೆ ಕೂಗಿದರು, ಬೀದಿ ನೋಡಿತು, ನಾನು ಕದಲಲಿಲ್ಲ. ಕೊನೆಗೆ ಗುಜರಿಯವರು ಚಕ್ರಕ್ಕೆ ಹಗ್ಗ ಕಟ್ಟಿ ಲಾರಿಗೆ ಎಳೆದುಕೊಂಡರು.

ಮುಂದೆ ಅದನ್ನು ಎಲ್ಲೋ ಒಡೆದೇ ಇರುತ್ತಾರೆ, ಗೊತ್ತು. ನಮ್ಮ ಬೀದಿಯಲ್ಲಿ ಒಡೆಯಲು ಬಿಡಲಿಲ್ಲ, ಅಷ್ಟೇ. ಆ ಕೊಟ್ಟಿಗೆಯಲ್ಲಿ ಈಗ ಸಿಮೆಂಟಿನ ಮೂಟೆ ಪೇರಿಸಿದ್ದಾರೆ. ಹಾದುಹೋಗುವಾಗ ಇಂದಿಗೂ ಸಂಕಟವಾಗುತ್ತದೆ, ಅದರ ಹಿಂದೆಯೇ ಸಿಟ್ಟು. ಸಂಕಟ ವರ್ಷ ಕಳೆದಂತೆ ಕಡಿಮೆಯಾಗಿದೆ. ಸಿಟ್ಟನ್ನು ನಾನೇ ಕಡಿಮೆಯಾಗಲು ಬಿಟ್ಟಿಲ್ಲ.