ಸುಲ್ತಾನನ ಗಾಡಿಯವನು

ವಯಸ್ಸಾದಂತೆ ಕನ್ನಡಕ ಎಲ್ಲಿಟ್ಟೆ ಎಂಬುದು ಮರೆಯುತ್ತದೆ. ಅದು ಸಹಜ, ಮನೆಯವರೂ ಕ್ಷಮಿಸುತ್ತಾರೆ. ನನ್ನ ರೋಗ ಬೇರೆ. ನಡೆಯದೇ ಇದ್ದದ್ದೂ ನನಗೆ ಸ್ಪಷ್ಟವಾಗಿ ನೆನಪಿರುತ್ತದೆ. ಪುರಾವೆಯಿಲ್ಲದೆ ಯಾವುದನ್ನೂ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತು, ಕೃಷ್ಣಗಿರಿಯಲ್ಲಿ ಇಪ್ಪತ್ತೆಂಟು ವರ್ಷ ಚರಿತ್ರೆಯ ಪಾಠ ಹೇಳಿ ದಣಿದವನಿಗೆ ಇದು ಭೂಷಣವಲ್ಲ.

ರಾಜ್ಯದ ಗಡಿಯಾಚೆಗಿರುವ ನಮ್ಮ ಕಡೆ ಕನ್ನಡದಲ್ಲಿ ಚರಿತ್ರೆ ಓದುವವರಿಗೆ ಪುಸ್ತಕಕ್ಕಿಂತ ನೋಟ್ಸೇ ಗತಿ. ಮೇಷ್ಟ್ರು ಹೇಳಿದ್ದನ್ನು ಬರೆದುಕೊಂಡು ಅಕ್ಕ ತಂಗಿಗೆ, ತಂಗಿ ಪಕ್ಕದ ಮನೆಗೆ ದಾಟಿಸುತ್ತ ಹೋಗುತ್ತಾರೆ. ನನ್ನ ನೋಟ್ಸಿನಲ್ಲಿ ತುರ್ಕಿಯ ಸುಲ್ತಾನ ಸುಲೇಮಾನನಿಗೆ ಅಗ್ರಪೀಠ. ಬೆಲ್‌ಗ್ರೇಡ್ ಗೆದ್ದ, ರೋಡ್ಸ್ ದ್ವೀಪ ಗೆದ್ದ, ಹಂಗೇರಿಯ ಸೈನ್ಯವನ್ನು ಧೂಳೀಪಟ ಮಾಡಿದ. ಎಪ್ಪತ್ತು ದಾಟಿದ ಮೇಲೂ ದಂಡು ಕಟ್ಟಿಕೊಂಡು ಹೋಗಿ ಡೇರೆಯಲ್ಲೇ ಸತ್ತ. ವಿಯೆನ್ನಾಕ್ಕೆ ಹೊರಟಾಗ ಮಾತ್ರ ಮಳೆ ಹಿಡಿದು ದೊಡ್ಡ ಫಿರಂಗಿಗಳು ಕೆಸರಿನಲ್ಲಿ ಉಳಿದವು. ಆಗ ಗಾಡಿಯವನೊಬ್ಬ ಎತ್ತುಗಳ ನೊಗ ಬಿಚ್ಚಿ, ‘ಇವಕ್ಕೂ ಸಾಕಾಗಿದೆ, ದೊರೆ’ ಎಂದನಂತೆ. ಸಾಮ್ರಾಜ್ಯದ ಆಯಾಸವೆಲ್ಲ ಅಡಗಿರುವ ಈ ಮಾತು ಬಂದಾಗ ನನ್ನ ದನಿ ತಾನಾಗಿಯೇ ತಗ್ಗುತ್ತಿತ್ತು.

ಕಳೆದ ಭಾನುವಾರ ಹೊಸೂರಿನ ನಮ್ಮ ಮನೆಗೆ ನಾಗವೇಣಿ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ. ಈಗ ಗಡಿಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಟೀಚರು, ಅಲ್ಲಿ ಬರೆಸುವುದು ಅದೇ ನೋಟ್ಸು. ತರಗತಿಯ ಹುಡುಗಿಯೊಬ್ಬಳು ಉತ್ತರದಲ್ಲಿ ಗಾಡಿಯವನನ್ನು ಬಿಟ್ಟಿದ್ದಕ್ಕೆ ನಾಗವೇಣಿ ಅಂಕ ಕತ್ತರಿಸಿದ್ದಳು. ಆ ಮಾತು ಯಾವ ಪುಸ್ತಕದಲ್ಲಿದೆ ಎಂದು ಹುಡುಗಿ ಕೇಳಿದಾಗ, ಅಧಿಕಪ್ರಸಂಗವೆಂದು ಗದರಿಸಿ ಬೆಂಚಿನ ಮೇಲೆ ನಿಲ್ಲಿಸಿದ್ದಳು. ಅಂದಿನಿಂದ ಆ ಹುಡುಗಿ ಬಾಯಿ ಬಿಡುತ್ತಿಲ್ಲವಂತೆ.

“ಪುಸ್ತಕದ ಹೆಸರು ಹೇಳ್ಬುಡಿ ಸಾರ್, ತೋರಿಸ್ಬುಡ್ತೀನಿ. ನನ್ಗೂ ನಿದ್ದೆ ಬತ್ತದೆ.”

ಕಪಾಟು ಕೆದಕಿದೆ. ಮಳೆ ಸಿಕ್ಕಿತು, ಫಿರಂಗಿ ಸಿಕ್ಕಿತು, ಗಾಡಿಯವನು ಸಿಗಲಿಲ್ಲ. ಮೂರನೆಯ ಪುಸ್ತಕ ಮುಚ್ಚುವಾಗ ಕಣ್ಣ ಮುಂದೆ ಸುಳಿದವನು ನನ್ನ ಸೋದರಮಾವ. ಕೃಷ್ಣಗಿರಿ ಮಂಡಿಗೆ ಮಾವಿನಕಾಯಿ ಹೇರಿಕೊಂಡು ಹೋಗುವಾಗ ಗಾಡಿ ಕೆಸರಿನಲ್ಲಿ ಹೂತಾಗ ಎತ್ತು ಬಿಚ್ಚಿ, ಮಂಡಿಯ ಯಜಮಾನನಿಗೆ ಅವನು ಆಡಿದ ಮಾತು ಅದು. ಅಥವಾ ಅದನ್ನೂ ನಾನೇ ಕಟ್ಟಿದೆನೋ, ಹೇಳಲಾರೆ.

“ಎತ್ತು ನಮ್ಮ ಮಾವಂದು ಕಣಮ್ಮ. ಸುಲ್ತಾನನ ಗಾಡಿಗೆ ಕಟ್ಟಿದ್ದು ನಾನು.”

ನಾಗವೇಣಿ ನಗಲಿಲ್ಲ. “ಆ ಮಗೀನ ಬೆಂಚ್ ಮ್ಯಾಲ್ ನಿಲ್ಸಿದ್ನಲ್ಲಾ ಸಾರ್, ಈಗ ಇಳಿಸೋರ್ಯಾರು?”

“ನಾನೇ ಬಂದು ಹೇಳ್ತೀನಿ.”

“ಬ್ಯಾಡ ಸಾರ್. ನೀವ್ ಬಂದ್ರೆ ಅಲ್ಲೂ ಇನ್ನೊಂದ್ ಕತೆ ಹೇಳ್ಬುಡ್ತೀರಿ.”

ಮಾರನೆಯ ದಿನ ಸಂಜೆ ಅವಳೇ ಫೋನ್ ಮಾಡಿದಳು. ತಪ್ಪು ತನ್ನದೆಂದು ತರಗತಿಯೆದುರು ಒಪ್ಪಿಕೊಂಡು ಅಂಕ ಹಿಂದಿರುಗಿಸಿದಳಂತೆ. ಆಗ ಹುಡುಗಿ ಎದ್ದು ನಿಂತಳಂತೆ.

“‘ಮಳೆ ಬಂದಿದ್ದು ಯಾವ ಪುಸ್ತಕದಲ್ಲೈತೆ ಟೀಚರ್?’ ಅಂತ ಕೇಳ್ತಾಳೆ ಸಾರ್. ಏನ್ ಹೇಳ್ಲಿ?”

ಪುಸ್ತಕದ ಹೆಸರು, ಪುಟದ ಸಂಖ್ಯೆ ಎರಡೂ ನಾಲಿಗೆಯ ತುದಿಗೆ ಬಂದವು.

“ಇರಮ್ಮ, ನೋಡಿ ಹೇಳ್ತೀನಿ” ಎಂದು ಎದ್ದೆ.